ಮೊದಲ ಮೆಟ್ಟಿಲು ನಿಮ್ಮೂರಲ್ಲೇ ಇದೆ

ಜುಲೈ ತಿಂಗಳ ಜಡಿಮಳೆ. ಸಂಜೆಯಿಂದಲೇ ಕರೆಂಟ್ ಇಲ್ಲ. ಎರಡು ದಿನದಿಂದ ಬಿಟ್ಟು ಬಿಟ್ಟು ಬರುತ್ತಿದ್ದ ಮಗುವಿನ ಜ್ವರ ಈ ರಾತ್ರಿ ಏರಿದೆ, ಮೈ ಕೆಂಡದಂತೆ ಸುಡುತ್ತಿದೆ. ಮಗುವಿನ ತಂದೆ ದುಬೈಯಲ್ಲೋ ದಮ್ಮಾಮಿನಲ್ಲೋ ಇದ್ದಾರೆ. ಮನೆಯಲ್ಲಿರುವುದು ನೀವು, ವಯಸ್ಸಾದ ಅತ್ತೆ ಮತ್ತು ಇನ್ನೊಂದು ಸಣ್ಣ ಮಗು. ಮನೆ ಕುಂಭಾಶಿಯಲ್ಲಿ ಎಂದಿಟ್ಟುಕೊಳ್ಳಿ. ಹೆದ್ದಾರಿಗೆ ಬಂದರೆ ಬಡಗಕ್ಕೆ ಹತ್ತು ಕಿಲೋಮೀಟರ್ ಒಳಗೆ ಕುಂದಾಪುರ, ತೆಂಕಕ್ಕೆ ಮೂವತ್ತು ಕಿಲೋಮೀಟರ್ ಆಸುಪಾಸಿನಲ್ಲಿ ಉಡುಪಿ, ಅದರಾಚೆ ಮಣಿಪಾಲ.

ಈಗ ಹೇಳಿ, ನೀವು ಮೊದಲು ಯಾರಿಗೆ ಫೋನ್ ಮಾಡುತ್ತೀರಿ?

ಹೆಚ್ಚಿನವರ ಉತ್ತರ ನಮಗೆ ಗೊತ್ತು. ಪರಿಚಯದ ರಿಕ್ಷಾದವರಿಗೆ ಅಥವಾ ಕಾರಿರುವ ನೆರೆಮನೆಯವರಿಗೆ. ಗಾಡಿ ಬಂದ ಮೇಲೆ, "ಎಲ್ಲಿಗೆ?" ಎಂಬ ಪ್ರಶ್ನೆಗೆ ಬಾಯಿಗೆ ಬರುವುದು ಯಾವುದಾದರೂ ದೊಡ್ಡ ಆಸ್ಪತ್ರೆಯ ಹೆಸರು. ಅಲ್ಲಿ ಮಗು ಗುಣವಾಗುತ್ತದೆ, ಅಲ್ಲಾಹನಿಗೆ ಸ್ತುತಿ. ಆದರೆ ಬಿಲ್ ಕಟ್ಟುವಾಗ ಕೈಬಳೆ ಬ್ಯಾಂಕಿನ ಲಾಕರಿನಿಂದಲ್ಲ, ಕೈಯಿಂದಲೇ ಇಳಿದು ಅಡವಿಗೆ ಹೋಗಿರುತ್ತದೆ. ಬಿಡಿಸಿಕೊಳ್ಳಲು ಒಂದು ವರ್ಷ. ಕೆಲವೊಮ್ಮೆ ಬಿಡಿಸಿಕೊಳ್ಳಲು ಆಗುವುದೇ ಇಲ್ಲ.

ದೊಡ್ಡ ಆಸ್ಪತ್ರೆಗೆ ಹೋಗಬೇಡಿ ಎನ್ನುವುದು ಈ ಲೇಖನದ ಉದ್ದೇಶವಲ್ಲ. 1953ರಲ್ಲಿ ಡಾ. ಟಿ.ಎಂ.ಎ. ಪೈ ಅವರು ಮಣಿಪಾಲದಲ್ಲಿ ವೈದ್ಯಕೀಯ ಕಾಲೇಜು ಕಟ್ಟಿದ್ದರಿಂದ ನಮ್ಮ ಜಿಲ್ಲೆಗೆ ಆದ ಉಪಕಾರ ಸಣ್ಣದಲ್ಲ. ನಾವು ಹೇಳಹೊರಟದ್ದು ಬೇರೆ. ಆರೋಗ್ಯ ವ್ಯವಸ್ಥೆ ಎನ್ನುವುದು ಒಂದು ಏಣಿ. ಅದರ ಮೇಲಿನ ಮೆಟ್ಟಿಲು ಎಲ್ಲಿದೆ ಎಂದು ನಮಗೆಲ್ಲ ಗೊತ್ತು. ಕೆಳಗಿನ ಮೆಟ್ಟಿಲು ನಮ್ಮ ಮನೆಯ ಹತ್ತಿರವೇ ಇದ್ದರೂ ಅದು ಗೊತ್ತಿಲ್ಲ. ಗೊತ್ತಿಲ್ಲದೆ ಇರುವುದಕ್ಕೆ ನಾವು ತೆರುವ ಬೆಲೆ ದೊಡ್ಡದು.

ಘಾನಾದಲ್ಲಿ ಏನಾಯಿತು?

ನಮ್ಮ ಹಾಗೆಯೇ ಕಡಲತೀರ, ತೆಂಗು, ಮಲೇರಿಯಾ ಎಲ್ಲವೂ ಇರುವ ಒಂದು ದೇಶದ ಅನುಭವ ಕೇಳಿ. ಪಶ್ಚಿಮ ಆಫ್ರಿಕದ ಘಾನಾ 1957ರಲ್ಲಿ ಸ್ವತಂತ್ರವಾದಾಗ ಸರಕಾರಿ ಆಸ್ಪತ್ರೆಗಳಲ್ಲಿ ಚಿಕಿತ್ಸೆ ಉಚಿತವಾಗಿರಬೇಕು ಎಂದು ಆಸೆಪಟ್ಟಿತು. ಬೊಕ್ಕಸ ಬರಿದಾಯಿತು. 1985ರಲ್ಲಿ ಶುಲ್ಕ ಬಂತು. ಮೊದಲು ಹಣ, ಆಮೇಲೆ ಔಷಧಿ. ಜನ ಅದಕ್ಕೆ 'ಕ್ಯಾಶ್ ಆ್ಯಂಡ್ ಕ್ಯಾರಿ' ಎಂದು ಹೆಸರಿಟ್ಟರು. ಅಂಗಡಿಯಲ್ಲಿ ದುಡ್ಡು ಕೊಟ್ಟು ಸಾಮಾನು ಒಯ್ಯುವ ಹಾಗೆ! ದುಡ್ಡಿಲ್ಲದವರು ಕಾಯಿಲೆ ಮುಚ್ಚಿಟ್ಟುಕೊಂಡು ಮನೆಯಲ್ಲೇ ಉಳಿದರು. ಕಾಯಿಲೆ ಬಲಿತ ಮೇಲೆ ಬಂದರು. ಬಿಲ್ ಕಟ್ಟಲಾಗದೆ ಹೆರಿಗೆಯಾದ ತಾಯಂದಿರು ಆಸ್ಪತ್ರೆಯಲ್ಲೇ ಉಳಿಯಬೇಕಾದ ಪ್ರಸಂಗಗಳೂ ನಡೆದವು.

ಇದರಿಂದ ಹೊರಬರಲು ಘಾನಾ ಎರಡು ಕೆಲಸ ಮಾಡಿತು. ಮೊದಲನೆಯದು ಕೆಳಗಿನ ಮೆಟ್ಟಿಲನ್ನು ಗಟ್ಟಿ ಮಾಡಿದ್ದು. ದೇಶದ ಉತ್ತರ ತುದಿಯ ನವ್ರೋಂಗೋ ಎಂಬ ಬಡ ಪ್ರದೇಶದಲ್ಲಿ 1994ರಲ್ಲಿ ಒಂದು ಪ್ರಯೋಗ ಶುರುವಾಯಿತು. ಆರೋಗ್ಯ ಕೇಂದ್ರದಲ್ಲಿ ರೋಗಿಗಳಿಗಾಗಿ ಕಾಯುತ್ತಿದ್ದ ನರ್ಸ್‌ಗಳನ್ನು ಹಳ್ಳಿಯೊಳಗೇ ವಾಸಕ್ಕೆ ಕಳುಹಿಸಲಾಯಿತು. ಊರಿನವರೇ ಕೈಜೋಡಿಸಿ ಅವರಿಗೊಂದು ಮನೆ ಕಟ್ಟಿಕೊಟ್ಟರು. ನರ್ಸ್ ಮೋಟಾರ್ ಸೈಕಲ್ ಹತ್ತಿ ಮನೆ ಮನೆಗೆ ಹೋದರು. ಲಸಿಕೆ, ಜ್ವರಕ್ಕೆ ಮದ್ದು, ಗರ್ಭಿಣಿಯರ ತಪಾಸಣೆ ಮನೆಬಾಗಿಲಿಗೆ ಬಂತು. ಆ ಭಾಗದಲ್ಲಿ ಚಿಕ್ಕ ಮಕ್ಕಳ ಸಾವು ಗಣನೀಯವಾಗಿ ಇಳಿಯಿತು. ಕೆಲವೇ ವರ್ಷಗಳಲ್ಲಿ ಅದು ಇಡೀ ದೇಶದ ಕಾರ್ಯಕ್ರಮವಾಯಿತು.

ಎರಡನೆಯದು ಕಾರ್ಡ್. 2003ರಲ್ಲಿ ಕಾನೂನು ಮಾಡಿ ರಾಷ್ಟ್ರೀಯ ಆರೋಗ್ಯ ವಿಮೆ ತಂದರು. ಜನ ಕೊಳ್ಳುವ ಸಾಮಾನಿನ ಮೇಲೆ ಶೇ. 2.5ರ ಒಂದು ತೆರಿಗೆ ಹಾಕಿ ಅದನ್ನು ಈ ವಿಮೆಗೇ ಮೀಸಲಿಟ್ಟರು. 18 ವರ್ಷದೊಳಗಿನ ಮಕ್ಕಳಿಗೆ, 70 ದಾಟಿದವರಿಗೆ ವಿಮಾ ಕಂತು ಇಲ್ಲ. 2008ರಿಂದ ಗರ್ಭಿಣಿಯರಿಗೂ ಇಲ್ಲ. ಆದರೆ ಅಲ್ಲೊಂದು ತೊಡಕು ಉಳಿಯಿತು. ಕಾರ್ಡನ್ನು ವರ್ಷಕ್ಕೊಮ್ಮೆ ನವೀಕರಿಸಬೇಕು. ಆರೋಗ್ಯವಾಗಿದ್ದಾಗ ಜನ ಅದನ್ನು ಮರೆಯುತ್ತಾರೆ. ಕಾಯಿಲೆ ಬಿದ್ದ ದಿನ ನೆನಪಾಗುತ್ತದೆ. ಕೊನೆಗೆ ಮೊಬೈಲ್‌ನಿಂದಲೇ ನವೀಕರಿಸುವ ವ್ಯವಸ್ಥೆ ಮಾಡಬೇಕಾಯಿತು.

ಈ ಕಥೆ ನಮ್ಮದೇ ಎನ್ನಿಸುವುದಿಲ್ಲವೇ? ನಮ್ಮಲ್ಲೂ ಎರಡೂ ಇವೆ. ಹಳ್ಳಿಯೊಳಗೆ ಆರೋಗ್ಯ ಕಾರ್ಯಕರ್ತೆಯರು ಇದ್ದಾರೆ, ಕಾರ್ಡೂ ಇದೆ. ಆದರೂ ನಮ್ಮಲ್ಲಿ ಅನೇಕರು ಈಗಲೂ 'ಕ್ಯಾಶ್ ಆ್ಯಂಡ್ ಕ್ಯಾರಿ' ಕಾಲದಲ್ಲೇ ಬದುಕುತ್ತಿದ್ದೇವೆ. ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನ ಸ್ವಂತ ಜೇಬಿನಿಂದ ಕೊಡುವ ಪಾಲು 2013-14ರಲ್ಲಿ ಶೇ. 64.2 ಇತ್ತು. 2021-22ಕ್ಕೆ ಅದು ಶೇ. 39.4ಕ್ಕೆ ಇಳಿದಿದೆ ಎನ್ನುತ್ತದೆ ಸರಕಾರದ ಲೆಕ್ಕ. ಇಳಿದದ್ದು ಸಂತೋಷವೇ. ಆದರೆ ನೂರಕ್ಕೆ ಸುಮಾರು ನಲವತ್ತು ರೂಪಾಯಿ ಈಗಲೂ ಮನೆಯ ಡಬ್ಬಿಯಿಂದ, ಕೈಬಳೆಯಿಂದ ಹೋಗುತ್ತಿದೆ.

ಏಣಿಯ ಮೆಟ್ಟಿಲುಗಳು

ನಿಮ್ಮ ಮನೆಯಿಂದಲೇ ಎಣಿಸೋಣ.

ಮೊದಲ ಮೆಟ್ಟಿಲು ಆಶಾ ಕಾರ್ಯಕರ್ತೆ. 2005ರಲ್ಲಿ ಶುರುವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದಲ್ಲಿ ಸುಮಾರು ಸಾವಿರ ಜನರಿಗೆ ಒಬ್ಬರಂತೆ ಇವರನ್ನು ನೇಮಿಸಲಾಯಿತು. ಇವರು ನಿಮ್ಮ ಊರಿನವರೇ. ಗುಲಾಬಿ ಸೀರೆ ಉಟ್ಟು, ಕೈಯಲ್ಲೊಂದು ದಪ್ಪ ಪುಸ್ತಕ ಹಿಡಿದು ಗೇಟಿನ ಬಳಿ ನಿಂತು, "ಮನೆಯಲ್ಲಿ ಯಾರಿಗಾದರೂ ಜ್ವರ ಉಂಟಾ ಅಕ್ಕ?" ಎಂದು ಕೇಳುವವರು. ಅವರಿಗೆ, "ಇಲ್ಲ, ಎಂತ ಇಲ್ಲ" ಎಂದು ಕಿಟಕಿಯಿಂದಲೇ ಹೇಳಿ ಕಳುಹಿಸುವ ಅಭ್ಯಾಸ ನಮ್ಮಲ್ಲಿದೆ. ದಯವಿಟ್ಟು ಅದನ್ನು ಬಿಡಿ. ಒಳಗೆ ಕರೆದು ಕುಳ್ಳಿರಿಸಿ, ಒಂದು ಲೋಟ ನೀರು ಕೊಡಿ, ಅವರ ಫೋನ್ ನಂಬರ್ ಬರೆದುಕೊಳ್ಳಿ. ಯಾವ ಆಸ್ಪತ್ರೆಯಲ್ಲಿ ಯಾವ ದಿನ ಏನು ಸಿಗುತ್ತದೆ ಎನ್ನುವುದು ನಿಮ್ಮ ಊರಿನಲ್ಲಿ ಅವರಿಗೆ ಗೊತ್ತಿರುವಷ್ಟು ಬೇರೆಯವರಿಗೆ ಗೊತ್ತಿರುವುದು ಕಡಿಮೆ.

ಎರಡನೆಯದು ಉಪಕೇಂದ್ರ. ಬಯಲು ಪ್ರದೇಶದಲ್ಲಿ 5,000 ಜನರಿಗೆ, ಗುಡ್ಡಗಾಡಿನಲ್ಲಿ 3,000 ಜನರಿಗೆ ಒಂದು ಇರಬೇಕೆಂಬುದು ಸರಕಾರದ ಮಾನದಂಡ. ಅನೇಕ ಉಪಕೇಂದ್ರಗಳ ಮೇಲೆ ಈಗ 'ಆಯುಷ್ಮಾನ್ ಆರೋಗ್ಯ ಮಂದಿರ' ಎಂಬ ಬೋರ್ಡ್ ಇದೆ. ಲಸಿಕೆ, ಗರ್ಭಿಣಿಯರ ತಪಾಸಣೆ, ಬಿಪಿ ಮತ್ತು ಸಕ್ಕರೆ ಪರೀಕ್ಷೆ, ಜ್ವರಕ್ಕೆ ರಕ್ತಪರೀಕ್ಷೆ, ಸಾಮಾನ್ಯ ಮಾತ್ರೆ ಎಲ್ಲವೂ ಉಚಿತ. ಮೂವತ್ತು ದಾಟಿದ ಎಲ್ಲರಿಗೂ ಬಿಪಿ, ಸಕ್ಕರೆ ಮತ್ತು ಬಾಯಿಯ ಕ್ಯಾನ್ಸರ್, ಹೆಂಗಸರಿಗೆ ಸ್ತನ ಮತ್ತು ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆ ಈ ಹಂತದಲ್ಲೇ ಶುರುವಾಗಬೇಕು. ಎಲೆ ಅಡಿಕೆ ಹೊಗೆಸೊಪ್ಪು ಹಾಕುವ ಹಿರಿಯರು ಮನೆಯಲ್ಲಿದ್ದರೆ ಅವರನ್ನು ಕರೆದುಕೊಂಡು ಹೋಗಿ ಬಾಯಿ ತೋರಿಸಿ.

ಮೂರನೆಯದು ಪ್ರಾಥಮಿಕ ಆರೋಗ್ಯ ಕೇಂದ್ರ. ಇಲ್ಲಿ ಎಂ.ಬಿ.ಬಿ.ಎಸ್. ವೈದ್ಯರು, ಲ್ಯಾಬ್, ಔಷಧಿ ವಿಭಾಗ ಇರುತ್ತವೆ. 30,000 ಜನರಿಗೆ ಒಂದು, ಗುಡ್ಡಗಾಡಿನಲ್ಲಿ 20,000 ಜನರಿಗೆ ಒಂದು ಎಂಬುದು ಲೆಕ್ಕ. ಅದರ ಮೇಲೆ ಸಮುದಾಯ ಆರೋಗ್ಯ ಕೇಂದ್ರ, ಆಮೇಲೆ ತಾಲೂಕು ಆಸ್ಪತ್ರೆ. ನಮ್ಮ ಭಾಗಕ್ಕೆ ಕುಂದಾಪುರದ ಸರಕಾರಿ ಆಸ್ಪತ್ರೆ. ಸ್ತ್ರೀರೋಗ, ಮಕ್ಕಳ ರೋಗ, ಶಸ್ತ್ರಚಿಕಿತ್ಸೆ ಮುಂತಾದ ತಜ್ಞರು ಇರುವುದು ಈ ಹಂತದಿಂದ. ಕೊನೆಯಲ್ಲಿ ಉಡುಪಿಯ ಜಿಲ್ಲಾ ಆಸ್ಪತ್ರೆ, ಅದರಾಚೆ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳು.

ಈ ಏಣಿಯ ನಕ್ಷೆ ಇಂದಿನದಲ್ಲ. ಸ್ವಾತಂತ್ರ್ಯಕ್ಕೂ ಮೊದಲು, 1946ರಲ್ಲಿ, ಸರ್ ಜೋಸೆಫ್ ಭೋರ್ ಅಧ್ಯಕ್ಷತೆಯ ಸಮಿತಿ ಕೊಟ್ಟ ವರದಿಯಲ್ಲೇ ಪ್ರಾಥಮಿಕ ಆರೋಗ್ಯ ಕೇಂದ್ರದ ಕಲ್ಪನೆ ಇತ್ತು. ಚಿಕಿತ್ಸೆಗೆ ಹಣ ಕೊಡಲಾಗದವನಿಗೂ ಚಿಕಿತ್ಸೆ ಸಿಗಬೇಕು ಎಂಬುದು ಅದರ ಬುನಾದಿ.

ಜ್ವರ ಬಂದಾಗ ಕೆಳಗಿನ ಮೆಟ್ಟಿಲೇ ಏಕೆ?

ಮಳೆಗಾಲದಲ್ಲಿ ನಮ್ಮ ಮೂರು ತಾಲೂಕುಗಳಲ್ಲಿ, ಅಂದರೆ ಕುಂದಾಪುರ, ಬೈಂದೂರು, ಬ್ರಹ್ಮಾವರಗಳಲ್ಲಿ, ಜ್ವರಕ್ಕೆ ಅನೇಕ ಮುಖಗಳು. ಮಲೇರಿಯಾ ಇರಬಹುದು, ಡೆಂಗಿ ಇರಬಹುದು, ಗದ್ದೆ ಕೆಸರಿನಲ್ಲಿ ಕೆಲಸ ಮಾಡಿದವರಿಗೆ ಇಲಿಜ್ವರ ಇರಬಹುದು. ಘಟ್ಟದ ಬುಡದ ಕಾಡಂಚಿನ ಊರುಗಳಲ್ಲಿ ಮಳೆ ನಿಂತ ಮೇಲೆ, ಚಳಿ ಮತ್ತು ಬೇಸಿಗೆಯ ತಿಂಗಳುಗಳಲ್ಲಿ, ಮಂಗನ ಕಾಯಿಲೆಯ ಭಯ. ಮೆಡಿಕಲ್ ಶಾಪಿನಿಂದ ತಂದ ಮಾತ್ರೆ ಜ್ವರ ಇಳಿಸುತ್ತದೆ, ಆದರೆ ಯಾವ ಜ್ವರ ಎಂದು ಹೇಳುವುದಿಲ್ಲ. ಕೆಲವು ನೋವಿನ ಮಾತ್ರೆಗಳು ಡೆಂಗಿ ಇದ್ದಾಗ ರಕ್ತಸ್ರಾವದ ಅಪಾಯ ಹೆಚ್ಚಿಸುತ್ತವೆ. ಆದ್ದರಿಂದ ವೈದ್ಯರು ಹೇಳುವ ತನಕ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ಯಾವ ನೋವಿನ ಮಾತ್ರೆಯೂ ಬೇಡ. ಎರಡು ದಿನಕ್ಕೆ ಜ್ವರ ಇಳಿಯದಿದ್ದರೆ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಿ.

ಮಗು ಹಾಲು ಕುಡಿಯುತ್ತಿಲ್ಲ, ಎಚ್ಚರಿಸಿದರೂ ಕಣ್ಣು ಬಿಡುತ್ತಿಲ್ಲ, ಫಿಟ್ಸ್ ಬಂತು, ಉಸಿರು ಏರುತ್ತಿದೆ, ಮೂತ್ರ ಹೋಗುತ್ತಿಲ್ಲ ಎಂದಾದರೆ ಮೆಟ್ಟಿಲು ಎಣಿಸುತ್ತಾ ಕೂರಬೇಡಿ. 108ಕ್ಕೆ ಫೋನ್ ಮಾಡಿ. ಕರ್ನಾಟಕದಲ್ಲಿ 2008ರ ನವೆಂಬರ್‌ನಿಂದ ನಡೆಯುತ್ತಿರುವ ಈ ಆಂಬುಲೆನ್ಸ್ ಸೇವೆ ಉಚಿತ. ನೀವು ಹೇಳಬೇಕಾದದ್ದು ಮೂರೇ ಮಾತು: ಏನಾಗಿದೆ, ಎಲ್ಲಿದ್ದೀರಿ, ಹತ್ತಿರದ ಗುರುತು ಯಾವುದು. ಮನೆ ಕೊರವಡಿಯ ಕಡಲ ಬದಿಯಲ್ಲಿದ್ದರೆ ಹೆದ್ದಾರಿಯಿಂದ ಯಾವ ತಿರುವು ಎಂದು ಮೊದಲೇ ಯೋಚಿಸಿಟ್ಟುಕೊಳ್ಳಿ. ಗಾಬರಿಯಲ್ಲಿ ದಾರಿ ಹೇಳುವುದು ಕಷ್ಟ.

ಕೆಳಗಿನ ಮೆಟ್ಟಿಲು ಬಳಸುವುದರಿಂದ ಇನ್ನೊಂದು ಲಾಭವಿದೆ. ನಿಮ್ಮ ಮಗುವಿನ ಮಲೇರಿಯಾ ಅಲ್ಲಿ ದಾಖಲಾದರೆ ಮರುದಿನವೇ ಸಿಬ್ಬಂದಿ ಸುತ್ತಮುತ್ತಲ ಮನೆಗಳಿಗೆ ಬಂದು ಬೇರೆ ಯಾರಿಗೆ ಜ್ವರವಿದೆ, ಸೊಳ್ಳೆಮರಿ ಎಲ್ಲಿದೆ ಎಂದು ನೋಡಬಹುದು. ಕಾಡಂಚಿನಲ್ಲಿ ಮಂಗ ಸತ್ತುಬಿದ್ದದ್ದನ್ನು ನೀವು ಆಶಾ ಕಾರ್ಯಕರ್ತೆಗೆ ತಿಳಿಸಿದರೆ ಇಡೀ ಊರಿಗೆ ಮುನ್ನೆಚ್ಚರಿಕೆ ಸಿಗುತ್ತದೆ.

ಇದಕ್ಕೂ ಪಶ್ಚಿಮ ಆಫ್ರಿಕದಲ್ಲೇ ಒಂದು ದೊಡ್ಡ ಉದಾಹರಣೆ ಇದೆ. 2014ರಲ್ಲಿ ಅಲ್ಲಿ ಎಬೋಲಾ ಹರಡಿತು. ಗಿನಿ, ಲೈಬೀರಿಯಾ, ಸಿಯೆರಾ ಲಿಯೋನ್ ಈ ಮೂರು ದೇಶಗಳಲ್ಲಿ 11,000ಕ್ಕೂ ಹೆಚ್ಚು ಜನ ಸತ್ತರು. ಅದೇ ವರ್ಷ ಜುಲೈಯಲ್ಲಿ ಸೋಂಕಿತ ಪ್ರಯಾಣಿಕನೊಬ್ಬ ವಿಮಾನದಲ್ಲಿ ನೈಜೀರಿಯಾದ ಲಾಗೋಸ್ ನಗರಕ್ಕೆ ಬಂದಿಳಿದ. ಒಂದು ಕೋಟಿಗೂ ಮಿಕ್ಕಿ ಜನರಿರುವ ನಗರ! ಜಗತ್ತು ಉಸಿರು ಬಿಗಿಹಿಡಿಯಿತು. ಆದರೆ ಡಾ. ಅಮೇಯೋ ಅಡಡೇವೋ ಎಂಬ ವೈದ್ಯೆ ಒತ್ತಡಕ್ಕೆ ಮಣಿಯದೆ ಆತನನ್ನು ಆಸ್ಪತ್ರೆಯಿಂದ ಹೊರಗೆ ಬಿಡಲಿಲ್ಲ. ಪೋಲಿಯೋ ಹನಿ ಹಾಕಲು ಕಟ್ಟಿದ್ದ ವ್ಯವಸ್ಥೆ, ಅದರ ಕಾರ್ಯಕರ್ತರು ಈಗ ಎಬೋಲಾ ಕೆಲಸಕ್ಕೆ ಇಳಿದರು. ಸಂಪರ್ಕಕ್ಕೆ ಬಂದ ಸುಮಾರು 900 ಜನರನ್ನು ಹುಡುಕಿ ದಿನವೂ ಅವರ ಮನೆಗೆ ಹೋಗಿ ಜ್ವರ ನೋಡಿದರು. ಅಷ್ಟು ದೊಡ್ಡ ದೇಶದಲ್ಲಿ ಸೋಂಕು 20 ಜನರಿಗೇ ನಿಂತಿತು. 8 ಮಂದಿ ತೀರಿಕೊಂಡರು. ಅವರಲ್ಲಿ ಆ ವೈದ್ಯೆಯೂ ಒಬ್ಬರು. ಅಕ್ಟೋಬರ್ 20ರಂದು ನೈಜೀರಿಯಾ ಎಬೋಲಾ ಮುಕ್ತ ಎಂದು ಘೋಷಣೆಯಾಯಿತು.

ದೇಶವನ್ನು ಕಾಪಾಡಿದ್ದು ದುಬಾರಿ ಯಂತ್ರಗಳಲ್ಲ. ಒಬ್ಬ ಗಟ್ಟಿ ವೈದ್ಯೆ ಮತ್ತು ಬಾಗಿಲು ತಟ್ಟುವ ಕಾರ್ಯಕರ್ತರು. ನಿಮ್ಮ ಗೇಟಿನ ಬಳಿ ನಿಲ್ಲುವ ಆ ಗುಲಾಬಿ ಸೀರೆಯವರನ್ನು ಈಗ ಇನ್ನೊಮ್ಮೆ ನೆನಪಿಸಿಕೊಳ್ಳಿ.

ಕಾರ್ಡ್ ಇದೆಯೇ? ಇದ್ದರೆ ಎಲ್ಲಿದೆ?

ಕರ್ನಾಟಕದಲ್ಲಿ 2018ರ ಮಾರ್ಚ್‌ನಲ್ಲಿ 'ಆರೋಗ್ಯ ಕರ್ನಾಟಕ' ಯೋಜನೆ ಬಂತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಕೇಂದ್ರದ ಆಯುಷ್ಮಾನ್ ಭಾರತ್ ಜೊತೆ ಸೇರಿ 'ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ' ಆಯಿತು. ಬಿಪಿಎಲ್ ಅಥವಾ ಅಂತ್ಯೋದಯ ಪಡಿತರ ಚೀಟಿ ಇರುವ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ವರೆಗಿನ ಚಿಕಿತ್ಸೆ ಉಚಿತ. ಎಪಿಎಲ್ ಕುಟುಂಬಗಳಿಗೂ ಇದರಲ್ಲಿ ಪಾಲಿದೆ ಎನ್ನುವುದು ಹೆಚ್ಚಿನವರಿಗೆ ಗೊತ್ತಿಲ್ಲ. ಪ್ಯಾಕೇಜ್ ದರದ ಶೇ. 30ರಷ್ಟನ್ನು ಸರಕಾರ ಕೊಡುತ್ತದೆ, ವರ್ಷಕ್ಕೆ ಕುಟುಂಬಕ್ಕೆ ಹೆಚ್ಚೆಂದರೆ 1.5 ಲಕ್ಷ ರೂಪಾಯಿ. ಉಳಿದದ್ದು ನಿಮ್ಮದು. ಮನೆಯವರು ಗಲ್ಫ್‌ನಲ್ಲಿದ್ದಾರೆ, ನಮಗೆಲ್ಲಿಂದ ಸಿಗುತ್ತದೆ ಎಂದು ಕೈಬಿಡಬೇಡಿ.

ಇಲ್ಲಿ ಮೂರು ವಿಷಯ ಚೆನ್ನಾಗಿ ತಿಳಿದಿರಬೇಕು.

ಒಂದು, ರೆಫರಲ್. ಚಿಕಿತ್ಸೆ ಮೊದಲು ಸರಕಾರಿ ಆಸ್ಪತ್ರೆಯಲ್ಲಿ. ಅಲ್ಲಿ ಸೌಲಭ್ಯ ಇಲ್ಲದಿದ್ದರೆ ಅವರು ಶಿಫಾರಸು ಪತ್ರ ಕೊಡುತ್ತಾರೆ. ಅದನ್ನು ಹಿಡಿದು ಯೋಜನೆಯಲ್ಲಿ ನೋಂದಾಯಿತವಾದ ಖಾಸಗಿ ಆಸ್ಪತ್ರೆಗೆ ಹೋಗಬಹುದು. ಪತ್ರವಿಲ್ಲದೆ ನೇರವಾಗಿ ಹೋಗಿ ದಾಖಲಾಗಿ, ಹಣ ಕಟ್ಟಿ, ಆಮೇಲೆ ಕಾರ್ಡ್ ತೋರಿಸಿದರೆ ಹಣ ವಾಪಸ್ ಸಿಗುವ ಯೋಜನೆ ಇದಲ್ಲ. ಏಣಿಯ ಕೆಳಗಿನ ಮೆಟ್ಟಿಲು ತಪ್ಪಿಸಿದ್ದಕ್ಕೆ ಕೈಬಳೆ ಅಡವಿಗೆ ಹೋಗುವುದು ಇಲ್ಲಿಯೇ.

ಎರಡು, ತುರ್ತು ಸ್ಥಿತಿ. ಯೋಜನೆ ಶುರುವಾದಾಗ ಇದ್ದ 1,650 ಚಿಕಿತ್ಸೆಗಳಲ್ಲಿ 169ನ್ನು ತುರ್ತು ಚಿಕಿತ್ಸೆ ಎಂದು ಗುರುತಿಸಲಾಗಿತ್ತು. ಇವಕ್ಕೆ ರೆಫರಲ್ ಬೇಕಿಲ್ಲ. ಜೀವ ಹೋಗುವ ಸ್ಥಿತಿಯಲ್ಲಿ ಹತ್ತಿರದ ನೋಂದಾಯಿತ ಆಸ್ಪತ್ರೆಗೆ ನೇರ ಹೋಗಿ, ಬಾಗಿಲಲ್ಲೇ ಕಾರ್ಡ್ ವಿಷಯ ಹೇಳಿ.

ಮೂರು, 'ಆರೋಗ್ಯ ಮಿತ್ರ'. ಯೋಜನೆಯ ಆಸ್ಪತ್ರೆಗಳಲ್ಲಿ ಈ ಹೆಸರಿನ ಸಿಬ್ಬಂದಿ ಇರುತ್ತಾರೆ. ಬಿಲ್ ಕೌಂಟರಿಗಿಂತ ಮೊದಲು ಅವರನ್ನು ಹುಡುಕಿ. ಈ ಕಾಯಿಲೆ ಯೋಜನೆಯಲ್ಲಿ ಬರುತ್ತದೆಯೇ, ಈ ಆಸ್ಪತ್ರೆಯಲ್ಲಿ ಬರುತ್ತದೆಯೇ ಎಂದು ದಾಖಲಾಗುವ ಮೊದಲೇ ಕೇಳಿ. ನಿಯಮಗಳು ಆಗಾಗ ಬದಲಾಗುತ್ತವೆ. ಹಿಂದಿನ ವರ್ಷ ನೆಂಟರಿಗೆ ಸಿಕ್ಕಿತ್ತು ಎಂಬ ಮಾತನ್ನು ನಂಬಿ ಹೋಗಬೇಡಿ. ಆಯುಷ್ಮಾನ್ ಸಹಾಯವಾಣಿ 14555ಕ್ಕೆ ಮನೆಯಿಂದಲೇ ಕರೆ ಮಾಡಿ ವಿಚಾರಿಸಬಹುದು.

ಇನ್ನೊಂದು ಗೊಂದಲ: ಮೊಬೈಲಿನಲ್ಲಿ 'ಆಭಾ' ನಂಬರ್ ಮಾಡಿಸಿಕೊಂಡವರು ಅದನ್ನೇ ಉಚಿತ ಚಿಕಿತ್ಸೆಯ ಕಾರ್ಡ್ ಎಂದು ತಿಳಿದಿರುತ್ತಾರೆ. ಆಭಾ ಎನ್ನುವುದು ನಿಮ್ಮ ಆರೋಗ್ಯ ದಾಖಲೆ ಇಡುವ ನಂಬರ್ ಮಾತ್ರ. ಆಯುಷ್ಮಾನ್ ಕಾರ್ಡ್ ಬೇರೆ. ಆಧಾರ್ ಮತ್ತು ಪಡಿತರ ಚೀಟಿ ಹಿಡಿದು ಸರಕಾರಿ ಆಸ್ಪತ್ರೆಗೆ ಅಥವಾ ಗ್ರಾಮ ಒನ್ ಕೇಂದ್ರಕ್ಕೆ ಹೋಗಿ ಮಾಡಿಸಿಕೊಳ್ಳಿ. ಆಧಾರ್‌ನಲ್ಲಿ ಒಂದು ಹೆಸರು, ಪಡಿತರ ಚೀಟಿಯಲ್ಲಿ ಇನ್ನೊಂದು ಹೆಸರು ಇರುವುದು ನಮ್ಮ ಮನೆಗಳಲ್ಲಿ ಸಾಮಾನ್ಯ. ಒಂದರಲ್ಲಿ ಫಾತಿಮಾ, ಇನ್ನೊಂದರಲ್ಲಿ ಫಾತಿಮಾಬಿ. ಮದುವೆಯಾಗಿ ಬಂದ ಸೊಸೆಯ ಹೆಸರು ಇನ್ನೂ ತವರಿನ ಚೀಟಿಯಲ್ಲೇ ಇರುತ್ತದೆ. ಇದನ್ನು ಸರಿಪಡಿಸಬೇಕಾದದ್ದು ಐಸಿಯು ಬಾಗಿಲಲ್ಲಿ ನಿಂತಾಗ ಅಲ್ಲ, ಈಗ.

ಕಾರ್ಡ್ ಇಲ್ಲದೆಯೂ ಸಿಗುವವು

ಹೆರಿಗೆಗೆ ಸರಕಾರಿ ಆಸ್ಪತ್ರೆಗೆ ಹೋದರೆ 2011ರಿಂದ ಜಾರಿಯಲ್ಲಿರುವ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸಾಮಾನ್ಯ ಹೆರಿಗೆ, ಸಿಸೇರಿಯನ್, ಔಷಧಿ, ರಕ್ತ, ಊಟ, ಮನೆಗೆ ಹಿಂದಿರುಗುವ ವಾಹನ ಎಲ್ಲವೂ ಉಚಿತ. ಪ್ರತಿ ತಿಂಗಳು 9ರಂದು ಗರ್ಭಿಣಿಯರಿಗೆ ವೈದ್ಯರಿಂದ ವಿಶೇಷ ತಪಾಸಣೆ ಇರುತ್ತದೆ. ತಾಯಿ ಕಾರ್ಡನ್ನು ಮೂರು ತಿಂಗಳ ಒಳಗೇ ಮಾಡಿಸಿ.

ಎರಡು ವಾರ ಮೀರಿದ ಕೆಮ್ಮಿಗೆ ಕಫ ಪರೀಕ್ಷೆ ಉಚಿತ. ಕ್ಷಯ ಎಂದಾದರೆ ಔಷಧಿ ಪೂರ್ತಿ ಉಚಿತ. ಚಿಕಿತ್ಸೆ ಮುಗಿಯುವ ತನಕ ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ 1,000 ರೂಪಾಯಿ ಬ್ಯಾಂಕ್ ಖಾತೆಗೆ ಬರುತ್ತದೆ. ಮಗಳ ಸಂಬಂಧ ತಪ್ಪೀತು ಎಂಬ ಹೆದರಿಕೆಗೆ ಕೆಮ್ಮು ಮುಚ್ಚಿಡಬೇಡಿ. ಮುಚ್ಚಿಟ್ಟರೆ ಮನೆಯ ಮಕ್ಕಳಿಗೂ ಬರುತ್ತದೆ.

ನಾಯಿ ಕಚ್ಚಿದರೆ ಗಾಯವನ್ನು ಹರಿಯುವ ನೀರು ಮತ್ತು ಸೋಪಿನಿಂದ 15 ನಿಮಿಷ ತೊಳೆದು ಸರಕಾರಿ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಹಾಕಿಸಿ. ಮೆಣಸಿನ ಪುಡಿ, ಸುಣ್ಣ ಹಚ್ಚಬೇಡಿ. ಹಾವು ಕಚ್ಚಿದರೆ ಬಿಗಿದು ಕಟ್ಟಬೇಡಿ, ಕೊಯ್ಯಬೇಡಿ, ನಡೆಸಬೇಡಿ. ಕೈಕಾಲು ಅಲುಗದಂತೆ ಇಟ್ಟು ವಿಷ ನಿರೋಧಕ ಇರುವ ಆಸ್ಪತ್ರೆಗೆ ಸೇರಿಸಿ. ಎದೆನೋವು, ಎಡಗೈ ಸೆಳೆತ, ತಣ್ಣನೆ ಬೆವರು ಬಂದರೆ ಗ್ಯಾಸ್ ಎಂದು ಸೋಡಾ ಕುಡಿಸಿ ಮಲಗಿಸಬೇಡಿ. ಪುನೀತ್ ರಾಜ್‌ಕುಮಾರ್ ಹೆಸರಿನ 'ಹೃದಯ ಜ್ಯೋತಿ' ಯೋಜನೆಯಲ್ಲಿ ರಾಜ್ಯದ ಅನೇಕ ತಾಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು, ರಕ್ತದ ಗಡ್ಡೆ ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತಾರೆ. ನಿಮಗೆ ಹತ್ತಿರ ಯಾವ ಆಸ್ಪತ್ರೆಯಲ್ಲಿ ಇದೆ ಎಂದು ಇಂದೇ ವಿಚಾರಿಸಿಟ್ಟುಕೊಳ್ಳಿ.

"ಅಲ್ಲಿ ಯಾರೂ ಕೇಳುವವರಿಲ್ಲ" ಎನ್ನುವವರಿಗೆ

ನಿಮ್ಮ ದೂರು ಸುಳ್ಳಲ್ಲ. ಸರಕಾರಿ ಆಸ್ಪತ್ರೆಯಲ್ಲಿ ಸಾಲು ಉದ್ದ. ಕೆಲವು ಕಡೆ ವೈದ್ಯರ ಹುದ್ದೆ ಖಾಲಿ. ಕೆಲವು ದಿನ ಔಷಧಿ ಮುಗಿದಿರುತ್ತದೆ. ಮಾತು ಒರಟಾಗಿರುವುದೂ ಉಂಟು. ಪರದೆಯಲ್ಲಿ ಬರುವ ಹೆಂಗಸರಿಗೆ ಲೇಡಿ ಡಾಕ್ಟರ್ ಇಲ್ಲದಿದ್ದರೆ ಮುಜುಗರ.

ಆದರೆ ಒಂದು ಮಾತು ಯೋಚಿಸಿ. ಮಾತನಾಡಬಲ್ಲವರು, ಓದಿದವರು, ನಾಲ್ಕು ಕಾಸು ಇರುವವರು ಎಲ್ಲರೂ ಬಿಟ್ಟುಹೋದರೆ ಅಲ್ಲಿ ಉಳಿಯುವುದು ಕೇಳಲು ಬಾಯಿಲ್ಲದವರು. ಬಾಯಿಲ್ಲದವರ ಆಸ್ಪತ್ರೆ ಸುಧಾರಿಸುವುದು ಹೇಗೆ? ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ 'ಆರೋಗ್ಯ ರಕ್ಷಾ ಸಮಿತಿ' ಎಂಬುದಿದೆ. ಗ್ರಾಮ ಮಟ್ಟದಲ್ಲಿ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿ ಇದೆ. ಗ್ರಾಮಸಭೆ ಇದೆ. ರಸ್ತೆ, ಚರಂಡಿ ಕೇಳಲು ಎದ್ದು ನಿಲ್ಲುವ ನಾವು, "ನಮ್ಮ ಉಪಕೇಂದ್ರ ವಾರಕ್ಕೆ ಎಷ್ಟು ದಿನ ತೆರೆದಿರುತ್ತದೆ? ಸಕ್ಕರೆ ಮಾತ್ರೆ ಯಾಕೆ ಇಲ್ಲ?" ಎಂದು ಕೇಳಿದ್ದೇವೆಯೇ? ನವ್ರೋಂಗೋದಲ್ಲಿ ನರ್ಸ್‌ಗೆ ಮನೆ ಕಟ್ಟಿಕೊಟ್ಟದ್ದು ಊರಿನವರು. ಅದಕ್ಕೇ ಆ ನರ್ಸ್ ಅವರಿಗೆ ನಮ್ಮವರಾದರು.

ಹಾಗೆ ಕಟ್ಟಿಕೊಟ್ಟವರು ನಮ್ಮಲ್ಲೂ ಇದ್ದರು. 1906ರಲ್ಲಿ ಉಡುಪಿಯಲ್ಲಿ ಮುಂದೆ ಕಾರ್ಪೊರೇಶನ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆಯನ್ನು ಸ್ಥಾಪಿಸಿದ ಹಾಜಿ ಅಬ್ದುಲ್ಲಾ ಸಾಹೇಬರ ಹೆಸರು ನೀವು ಕೇಳಿರುತ್ತೀರಿ. ಉಡುಪಿಯ ಸರಕಾರಿ ಹೆಂಗಸರ ಮತ್ತು ಮಕ್ಕಳ ಆಸ್ಪತ್ರೆ ಇರುವುದು ಅವರು ದಾನ ಕೊಟ್ಟ ಜಾಗದಲ್ಲಿ. ಇವತ್ತಿಗೂ ಆ ಆಸ್ಪತ್ರೆಯ ಹೆಸರಿನಲ್ಲಿ ಅವರ ಹೆಸರೂ ಸೇರಿದೆ. ಜಾತಿ, ಮತ ಕೇಳದೆ ಅಲ್ಲಿ ಹೆರಿಗೆಯಾದ ತಾಯಂದಿರೆಷ್ಟೋ, ಕಣ್ಣುಬಿಟ್ಟ ಮಕ್ಕಳೆಷ್ಟೋ! ಸದಕಾ ಜಾರಿಯಾ ಎಂದರೆ ಏನೆಂದು ತಿಳಿಯಬೇಕಾದರೆ ಒಮ್ಮೆ ಆ ಆಸ್ಪತ್ರೆಯ ವರಾಂಡದಲ್ಲಿ ನಿಂತು ನೋಡಬೇಕು.

ಇಂದು ನಮ್ಮ ಜಮಾಅತ್‌ಗಳು ಜಾಗ ಕೊಡಬೇಕಿಲ್ಲ. ಜುಮಾ ನಮಾಝಿನ ನಂತರ, "ಇಂಥವರ ಆಪರೇಶನ್‌ಗೆ ಸಹಾಯ ಮಾಡಿ" ಎಂದು ಜೋಳಿಗೆ ಹಿಡಿಯುವುದನ್ನು ನಾವೆಲ್ಲ ನೋಡಿದ್ದೇವೆ, ಕೈಲಾದಷ್ಟು ಹಾಕಿದ್ದೇವೆ. ಅದು ಒಳ್ಳೆಯ ಕೆಲಸವೇ. ಆದರೆ ಆ ಆಪರೇಶನ್ ಕಾರ್ಡಿನಲ್ಲೇ ಆಗುತ್ತಿತ್ತೇ ಎಂದು ಮೊದಲು ಕೇಳಿದವರೆಷ್ಟು ಮಂದಿ? ಕಾರ್ಡಿನಲ್ಲಿ ಆಗುವುದನ್ನು ಕಾರ್ಡಿನಲ್ಲಿ ಮಾಡಿಸಿದರೆ ಬೈತುಲ್ ಮಾಲಿನ ಹಣ ಕಾರ್ಡ್ ಮುಟ್ಟದ ಕಡೆಗೆ ಉಳಿಯುತ್ತದೆ: ಆಸ್ಪತ್ರೆಗೆ ಹೋಗಿಬರುವ ಖರ್ಚಿಗೆ, ಜೊತೆಗಿರುವವರ ಊಟಕ್ಕೆ, ಕೂಲಿ ತಪ್ಪಿದ ಮನೆಯ ಅಕ್ಕಿಗೆ. ವರ್ಷಕ್ಕೊಂದು ಭಾನುವಾರ ಮದ್ರಸಾದ ಕೋಣೆಯಲ್ಲಿ ಕಾರ್ಡ್ ಶಿಬಿರ ಮಾಡಿ. ಕಂಪ್ಯೂಟರ್ ಗೊತ್ತಿರುವ ಇಬ್ಬರು ಯುವಕರು, ಒಬ್ಬ ಆಶಾ ಕಾರ್ಯಕರ್ತೆ ಇದ್ದರೆ ಸಾಕು. ನೆರೆಯ ಹಿಂದೂ, ಕ್ರೈಸ್ತ ಮನೆಗಳಿಗೂ ಹೇಳಿ ಕಳುಹಿಸಿ. ಸೊಳ್ಳೆಗೆ ಧರ್ಮವಿಲ್ಲ.

ಈ ವಾರ ನೀವು ಮಾಡಬೇಕಾದದ್ದು

• ನಿಮ್ಮ ಆಶಾ ಕಾರ್ಯಕರ್ತೆಯ, ಹತ್ತಿರದ ಆರೋಗ್ಯ ಕೇಂದ್ರದ ಫೋನ್ ನಂಬರ್ ಮತ್ತು 108 ಇವನ್ನು ದೊಡ್ಡ ಅಕ್ಷರದಲ್ಲಿ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿ. ಅತ್ತೆಗೂ ಮಕ್ಕಳಿಗೂ ತೋರಿಸಿ.

• ಮನೆಯ ಎಲ್ಲರ ಆಯುಷ್ಮಾನ್ ಕಾರ್ಡ್, ಆಧಾರ್, ಪಡಿತರ ಚೀಟಿ, ತಾಯಿ ಕಾರ್ಡ್, ಮಕ್ಕಳ ಲಸಿಕೆ ಕಾರ್ಡ್ ಒಂದೇ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಒಂದೇ ಜಾಗದಲ್ಲಿಡಿ. ಹೆಸರುಗಳು ಹೊಂದುತ್ತವೆಯೇ ನೋಡಿ.

• ಮೂವತ್ತು ದಾಟಿದವರೆಲ್ಲ ಒಮ್ಮೆ ಬಿಪಿ, ಸಕ್ಕರೆ ಪರೀಕ್ಷೆ ಮಾಡಿಸಿ. ಈಗಾಗಲೇ ಮಾತ್ರೆ ತೆಗೆದುಕೊಳ್ಳುವವರು ಅದೇ ಮಾತ್ರೆ ಆರೋಗ್ಯ ಕೇಂದ್ರದಲ್ಲಿ ಸಿಗುತ್ತದೆಯೇ ಕೇಳಿ.

• ವಾರಕ್ಕೊಮ್ಮೆ ಅಂಗಳ ಸುತ್ತಿ. ಚಿಪ್ಪು, ಅಡಿಕೆ ಹಾಳೆ, ಹಳೆ ಟಯರ್, ಹೂಕುಂಡದ ತಟ್ಟೆಯಲ್ಲಿ ನಿಂತ ನೀರು ಚೆಲ್ಲಿ. ವುಝೂ ಮಾಡುವ ತೊಟ್ಟಿಯನ್ನು ತಿಕ್ಕಿ ತೊಳೆದು ಮುಚ್ಚಿಡಿ. ಮಳೆಗಾಲದಲ್ಲಿ ಕುದಿಸಿದ ನೀರನ್ನೇ ಕುಡಿಯಿರಿ.

• ಕಾಲಿನಲ್ಲಿ ಗಾಯವಿದ್ದರೆ ಬರಿಗಾಲಿನಲ್ಲಿ ಕೆಸರಿಗೆ ಇಳಿಯಬೇಡಿ. ಇಲಿಜ್ವರ ಒಳಬರುವುದು ಆ ದಾರಿಯಲ್ಲೇ.

ಈಗ ಮತ್ತೆ ಆ ಮಳೆಯ ರಾತ್ರಿಗೆ ಬನ್ನಿ. ಮಗುವಿಗೆ ಜ್ವರ ಶುರುವಾಗಿ ಎರಡು ದಿನ. ಆದರೆ ಈ ಸಲ ಎರಡನೆಯ ದಿನ ಬೆಳಿಗ್ಗೆಯೇ ನೀವು ಆಶಾ ಕಾರ್ಯಕರ್ತೆಗೆ ಫೋನ್ ಮಾಡಿದ್ದೀರಿ. ಮಧ್ಯಾಹ್ನದೊಳಗೆ ರಕ್ತ ಪರೀಕ್ಷೆಗೆ ಹೋಗಿದೆ, ಮದ್ದು ಶುರುವಾಗಿದೆ. ರಾತ್ರಿ ಜ್ವರ ಏರಿದರೂ ಯಾವ ಲಕ್ಷಣಕ್ಕೆ ಹೆದರಬೇಕು, ಯಾವುದಕ್ಕೆ ಬೇಡ ಎಂದು ನಿಮಗೆ ಗೊತ್ತಿದೆ. ಗೋಡೆಯ ಮೇಲೆ ನಂಬರ್ ಇದೆ, ಕಪಾಟಿನಲ್ಲಿ ಕವರ್ ಇದೆ. ಹೋಗಲೇಬೇಕಾಗಿ ಬಂದರೆ ಎಲ್ಲಿಗೆ, ಯಾವ ಕಾಗದ ಹಿಡಿದು ಎಂಬುದೂ ಗೊತ್ತಿದೆ.

ಮಳೆ ಅದೇ, ಕತ್ತಲೆ ಅದೇ. ಆದರೆ ಕೈಬಳೆ ಕೈಯಲ್ಲೇ ಇದೆ. ಕುಂಭಾಶಿಯಾಗಲಿ, ಗಂಗೊಳ್ಳಿಯಾಗಲಿ, ಶಿರೂರಾಗಲಿ, ನಿಮ್ಮ ಮೊದಲ ಮೆಟ್ಟಿಲು ನಿಮ್ಮೂರಲ್ಲೇ ಇದೆ. ನಾಳೆ ಬೆಳಿಗ್ಗೆ ಒಮ್ಮೆ ಹೋಗಿ ನೋಡಿ ಬನ್ನಿ.